ಬೋರ್ ನೀರು, ಗೀಸರ್ ಮತ್ತು ಕಿಡ್ನಿ ಕಲ್ಲು

ಪ್ರಶ್ನೆ: ಡಾಕ್ಟರೇ, ನಮ್ಮದು ಜೆ.ಪಿ. ನಗರದ ಅಪಾರ್ಟ್‌ಮೆಂಟ್. ಕಾವೇರಿ ಸಾಲದೆ ಸಂಪಿಗೆ ಬೋರ್ ನೀರು, ಟ್ಯಾಂಕರ್ ನೀರು ಎರಡನ್ನೂ ಬಿಡುತ್ತಾರೆ. ಬಕೆಟ್, ನಲ್ಲಿ ಎಲ್ಲದಕ್ಕೂ ಬಿಳಿ ಕಟ್ಟುತ್ತದೆ. ಗೀಸರ್ ಕಾಯಿಲ್ ಎರಡು ಸಲ ಹೋಯಿತು. ಈಗ ನಮ್ಮ ಯಜಮಾನರಿಗೆ ಕಿಡ್ನಿಯಲ್ಲಿ 5 ಮಿ.ಮೀ. ಕಲ್ಲು ಅಂತ ಸ್ಕ್ಯಾನ್‌ನಲ್ಲಿ ಬಂದಿದೆ. ಗೀಸರಿನಲ್ಲಿ ಕಟ್ಟಿದ್ದು ಹೊಟ್ಟೆಯಲ್ಲಿ ಕಟ್ಟದೆ ಇರುತ್ತದೆಯೇ?

ಉತ್ತರ: ನಿಮ್ಮ ಅನುಮಾನ ಸಹಜ, ಆದರೆ ಗೀಸರಿನ ಲೆಕ್ಕವೇ ಬೇರೆ, ಕಿಡ್ನಿಯ ಲೆಕ್ಕವೇ ಬೇರೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಕಾರ್ಬೊನೇಟಾಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ. ಅದು ಸುಣ್ಣಕಲ್ಲು. ಕಿಡ್ನಿಯ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಅಲ್ಲಿ ತಂಟೆ ಮಾಡುವುದು ಹೆಚ್ಚಾಗಿ ಆಕ್ಸಲೇಟು. ಊಟದ ಜೊತೆ ಸೇರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಕಲ್ಲಾಯಿತೆಂದು ಹಾಲು ಮೊಸರು ಬಿಡುವವರು ಇದ್ದಾರಲ್ಲ, ಅವರು ಮಾಡುವುದು ತಿರುಗುಮುರುಗು.

ಲೆಕ್ಕ ಹಾಕಿ ನೋಡಿ. ಲೀಟರಿಗೆ 400 ಮಿ.ಗ್ರಾಂ. ಗಡಸುತನವಿರುವ ನೀರಿನಲ್ಲಿ, ಅಷ್ಟೂ ಕ್ಯಾಲ್ಸಿಯಮ್ಮೇ ಎಂದುಕೊಂಡರೂ, ಕ್ಯಾಲ್ಸಿಯಂ ಇರುವುದು 160 ಮಿ.ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ (ಐಎಸ್ 10500) ಗಡಸುತನ 200 ಮಿ.ಗ್ರಾಂ. ಒಳಗಿರಲಿ, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಆರೋಗ್ಯದ ದೃಷ್ಟಿಯಿಂದ ಗಡಸುತನಕ್ಕೆ ಮಿತಿಯನ್ನೇ ಹಾಕಿಲ್ಲ.

ಹಾಗಿದ್ದರೂ ಬೋರ್ ನೀರು ಅಡ್ಡದಾರಿಯಿಂದ ಕಲ್ಲಿಗೆ ಕಾರಣವಾಗಬಹುದು. ಸಪ್ಪೆ, ಕಹಿ ಅನ್ನಿಸಿ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬೆಳಗ್ಗೆ ಕಾಫಿ ಕುಡಿದು ಮನೆ ಬಿಟ್ಟವರು ಸಂಜೆ ಬರುವಷ್ಟರಲ್ಲಿ ಅರ್ಧ ಬಾಟಲೂ ಖಾಲಿ ಮಾಡಿರುವುದಿಲ್ಲ. ಯಜಮಾನರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಕಡಿಮೆಯಾಗಲಿ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. 5 ಮಿ.ಮೀ. ಕಲ್ಲು ಸಾಮಾನ್ಯವಾಗಿ ತಾನಾಗಿಯೇ ಇಳಿದುಹೋಗುತ್ತದೆ. ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಬಿ.ಟಿ.ಎಂ. ಲೇಔಟ್ ಪಿ.ಜಿ.ಯಲ್ಲಿದ್ದೇನೆ, ವಯಸ್ಸು 24. ಊರಿನಲ್ಲಿ ಚೆನ್ನಾಗಿದ್ದ ಕೂದಲು ಇಲ್ಲಿಗೆ ಬಂದ ಮೇಲೆ ಹಿಡಿ ಹಿಡಿ ಉದುರುತ್ತಿದೆ. ಎಲ್ಲರೂ ನೀರಿನ ದೋಷ ಎನ್ನುತ್ತಾರೆ.

ಉತ್ತರ: ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕುಗಟ್ಟಿಸುತ್ತದೆ, ಮಧ್ಯದಲ್ಲಿ ತುಂಡಾಗುವಂತೆಯೂ ಮಾಡಬಹುದು. ಬೇರಿನಿಂದ ಕಿತ್ತು ಉದುರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಗುಬುಟು ಇದೆಯೇ ನೋಡಿ. ಇದ್ದರೆ ಅದು ಬೇರಿನಿಂದ ಬಂದದ್ದು; ಎರಡು ಮೂರು ತಿಂಗಳ ಹಿಂದೆ ಡೆಂಗಿ ಅಥವಾ ಬೇರೆ ಜೋರು ಜ್ವರ ಬಂದಿತ್ತೇ ನೆನಪು ಮಾಡಿಕೊಳ್ಳಿ, ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಿಮ್ಮ ತಂದೆಗೆ ಬೇಗ ಬೋಳಾಗಿತ್ತೇ ಎಂಬುದನ್ನೂ ಡಾಕ್ಟರಿಗೆ ಹೇಳಿ. ತಲೆಗೆ ಸೋಪು ಬೇಡ: ಅದು ಕ್ಯಾಲ್ಸಿಯಂ ಜೊತೆ ಸೇರಿ ಅಂಟಂಟು ಕೊಳೆಯಾಗಿ ಕೂತುಬಿಡುತ್ತದೆ. ಶಾಂಪೂಗೂ ಶೀಗೆಕಾಯಿಗೂ ಆ ಕಾಟವಿಲ್ಲ.

ಪ್ರಶ್ನೆ: ಬನಶಂಕರಿಯ ನಿವಾಸಿ, 67 ವರ್ಷ, ಬಿ.ಪಿ. ಇದೆ. ಮನೆಗೆ ಬಂದ ಒಬ್ಬ ಸೇಲ್ಸ್ ಹುಡುಗ ನಮ್ಮ ನೀರಿಗೆ ಕರೆಂಟಿನ ಕಡ್ಡಿ ಅದ್ದಿದ. ನೀರು ಕಂದು ಬಣ್ಣಕ್ಕೆ ತಿರುಗಿತು, ಅವನು ತಂದ ನೀರು ತಿಳಿಯಾಗಿಯೇ ಇತ್ತು! ಸಾಫ್ಟ್‌ನರ್, ಆರ್‌ಒ ಎರಡೂ ಹಾಕಿಸಲೇ?

ಉತ್ತರ: ಆ ಕಂದು ನಿಮ್ಮ ನೀರಿನದಲ್ಲ, ಅವನ ಕಬ್ಬಿಣದ ಕಡ್ಡಿಯದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಡ್ಡಿ ಕರಗುತ್ತದೆ, ತುಕ್ಕು ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ. ಮತ್ತೆ ಬಂದರೆ ಅವನ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿಸಿ ಅದ್ದಿಸಿ, ಅದೂ ಕಂದಾಗುತ್ತದೆ.

ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. 500 ಮಿ.ಗ್ರಾಂ. ಗಡಸು ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ ಸುಮಾರು 230 ಮಿ.ಗ್ರಾಂ. ಸೋಡಿಯಂ ಸೇರಿತು. ಮೂರು ಲೀಟರ್ ಕುಡಿದರೆ ಹೆಚ್ಚುಕಡಿಮೆ 700. ದಿನಕ್ಕೆ 2000 ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೇ ಬಿ.ಪಿ. ಇರುವ ಮನೆಯಲ್ಲಿ ಸಾಫ್ಟ್‌ನರ್ ಸ್ನಾನಕ್ಕೆ, ವಾಷಿಂಗ್ ಮೆಷಿನ್ನಿಗೆ ಇರಲಿ. ಅಡುಗೆಮನೆಯ ಒಂದು ನಲ್ಲಿಗೆ ನೇರ ಪೈಪು ಎಳೆಸಿ.

ಆರ್‌ಒ ಬೇಕೋ ಬೇಡವೋ ನೀರಿನ ಪರೀಕ್ಷೆಯ ವರದಿ ಹೇಳಬೇಕು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಸುಮಾರು 100 ಕಿ.ಮೀ. ದೂರ ಬರುವ ಕಾವೇರಿ ನೀರು ಮೆದು. ಸಂಪು ಚೊಕ್ಕಟವಾಗಿದ್ದು, ಕುದಿಸಿ ಆರಿಸಿದರೆ ಸಾಕು. ಬೋರ್ ನೀರಾದರೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಗಡಸುತನದ ಜೊತೆ ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ನೋಡಿಸಿ. ಚರಂಡಿ ನೀರು ಇಂಗಿದ ಕಡೆ ನೈಟ್ರೇಟ್ ಏರುತ್ತದೆ. ಬಿಳಿ ಕಟ್ಟುವುದಿಲ್ಲ, ವಾಸನೆಯಿಲ್ಲ, ಗೊತ್ತೇ ಆಗುವುದಿಲ್ಲ. 45 ಮಿ.ಗ್ರಾಂ. ದಾಟಿದ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಲೇಬಾರದು. ಕುದಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ವರದಿ ಬಂದರೆ ಕುಡಿಯಲು ಆರ್‌ಒ ಹಾಕಿಸಿ, ಅದು ಹೊರಗೆ ಬಿಡುವ ನೀರಿನಲ್ಲಿ ನೆಲ ಒರೆಸಿ.

ಪ್ರಶ್ನೆ: ಟ್ಯಾಂಕರ್ ನೀರಿನಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ. ಅಡುಗೆ ಸೋಡ ಹಾಕಬಹುದೇ? (ಜಯನಗರ)

ಉತ್ತರ: ಬೇಳೆ ಬೇಯುತ್ತದೆ, ಆದರೆ ಸೋಡ ಬಿ1 ಜೀವಸತ್ವವನ್ನು ಕೆಡಿಸುತ್ತದೆ, ಸೋಡಿಯಮ್ಮನ್ನೂ ಸೇರಿಸುತ್ತದೆ. ನೀರನ್ನು ಹತ್ತು ನಿಮಿಷ ಕುದಿಸಿ, ರಾತ್ರಿಯಿಡೀ ಬಿಟ್ಟು, ತಳದ ಬಿಳಿ ಕದಡದಂತೆ ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಅದರಲ್ಲಿ ಒಂದು ಗಂಟೆ ನೆನೆಸಿ ಕುಕ್ಕರಿಗಿಡಿ. ಹುಣಸೆಹಣ್ಣಿನ ರಸ ಬೇಳೆ ಬೆಂದ ಮೇಲೆಯೇ. ಕಾವೇರಿ ಬರುವ ದಿನ ಬೇಳೆಗೂ ಕಾಫಿ ಡಿಕಾಕ್ಷನ್ನಿಗೂ ಅಂತ ಒಂದು ಬಿಂದಿಗೆ ಎತ್ತಿಡಿ.