ನಾಯಿಮರಿಗೆ ರಾತ್ರಿ ಮಲಗುವ ಜಾಗ

ಹಸುವಿಗೆ ಕೊಟ್ಟಿಗೆ, ಕೋಳಿಗೆ ಗೂಡು, ಕುರಿಗೆ ರೊಪ್ಪ. ಹೀಗೆ ಪ್ರತಿಯೊಂದು ಸಾಕುಪ್ರಾಣಿಗೂ ಮಲಗುವ ಜಾಗವನ್ನು ನಮ್ಮ ರೈತರು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ನಾಯಿಮರಿಯ ವಿಷಯದಲ್ಲಿ ಮಾತ್ರ ಈ ಯೋಚನೆ ಹುಟ್ಟುವುದು ಅದು ಮನೆಗೆ ಬಂದ ದಿನ ರಾತ್ರಿ, ಎಲ್ಲರೂ ದೀಪ ಆರಿಸಿ ಮಲಗಿದ ಮೇಲೆ ಮರಿ ಕುಂಯ್‌ಗುಟ್ಟಲು ತೊಡಗಿದಾಗ.

ಬೆಂಗಳೂರಿನ ದಕ್ಷಿಣಕ್ಕಿರುವ ಸಾರಕ್ಕಿ ಈಗ ಹೆಸರಿಗೆ ಮಾತ್ರ ಹಳ್ಳಿ. ಕೆರೆಯ ಸುತ್ತಲಿನ ಹೊಲಗದ್ದೆಗಳೆಲ್ಲ ಜೆ.ಪಿ. ನಗರದ ಬಡಾವಣೆಗಳಾಗಿ ಹೋಗಿವೆ. ಕೆರೆಯ ಅಂಗಳಕ್ಕೂ ಮನೆಗಳು ಇಳಿದಿದ್ದವು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಒತ್ತುವರಿ ತೆರವು ಮಾಡಿಸಿತು. ಆದರೂ ಹಳೆಯ ಊರಿನ ಓಣಿಗಳಲ್ಲಿ ಒಂದೆರಡು ಹಸು ಕಟ್ಟಿಕೊಂಡು ಹಾಲು ಮಾರುವ ಮನೆಗಳು ಉಳಿದಿವೆ. ಅಂಥ ಒಂದು ಮನೆಗೆ ಡಿಸೆಂಬರ್ ತಿಂಗಳಲ್ಲಿ ಕೆಚ್ಚಲುಬಾವು ಬಂದ ಹಸುವನ್ನು ನೋಡಲು ಹೋಗಿದ್ದೆ. ಹಸುವಿನ ಮಾತು ಬೇಗ ಮುಗಿಯಿತು. ನಾಯಿಮರಿಯ ಮಾತು ಮುಗಿಯಲಿಲ್ಲ.

ಮರಿಗೆ ಎರಡು ತಿಂಗಳು. ಹಿಂದಿನ ರಾತ್ರಿ ಅದನ್ನು ಕೊಟ್ಟಿಗೆಯಲ್ಲಿ ಹಗ್ಗದಿಂದ ಕಟ್ಟಿದ್ದರು. ರಾತ್ರಿ ಎರಡರವರೆಗೆ ಅದು ಅರಚಿತು. ಒಂದೇ ಗೋಡೆಯ ಪಕ್ಕದ ಮನೆಯವರು ಬಂದು ಬಾಗಿಲು ಬಡಿದಿದ್ದರು. ಯಜಮಾನರು, "ಎರಡು ದಿನ ಅತ್ತು ಸುಮ್ಮನಾಗುತ್ತೆ, ಕೊಟ್ಟಿಗೇಲೇ ಇರಲಿ" ಎನ್ನುತ್ತಿದ್ದರು. ಮಗನದು ಬೇರೆ ಯೋಚನೆ: ಕಗ್ಗಲೀಪುರದ ಕಡೆ ಅವರಿಗೆ ಒಂದು ಎಕರೆ ತೋಟವಿದೆ, ಈಗಿನಿಂದಲೇ ಅಲ್ಲಿ ಕಟ್ಟಿದರೆ ಕಾವಲಿಗೆ ಗಟ್ಟಿಯಾಗುತ್ತದೆ. ಮೊಮ್ಮಗಳು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಳು. ಅಜ್ಜಿ ಮಾತ್ರ, "ನಾಯಿ ಹೊಸ್ತಿಲು ದಾಟೋದು ಬ್ಯಾಡ ಕಣಪ್ಪ, ದೇವರ ಮನೆ ಐತೆ" ಎಂದು ಹೇಳಿ ಎದ್ದು ಹೋದರು. ಇವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಮರಿಯ ವಯಸ್ಸನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮರಿ ಅಳುವುದೇಕೆ?

ಎಂಟು ವಾರದವರೆಗೆ ಮರಿ ತನ್ನ ತಾಯಿ ಮತ್ತು ಒಡಹುಟ್ಟಿದ ಮರಿಗಳ ಮೈಗೆ ಮೈ ತಾಗಿಸಿಕೊಂಡು ಮಲಗಿರುತ್ತದೆ. ಒಂದೇ ದಿನದಲ್ಲಿ ಆ ಬಿಸುಪು, ಆ ವಾಸನೆ, ಆ ಉಸಿರಿನ ಸದ್ದು ಎಲ್ಲವೂ ಇಲ್ಲವಾಗುತ್ತವೆ. ಗುಂಪು ತಪ್ಪಿದ ಮರಿ ಕೂಗಿ ಕರೆಯುವುದು ಅದರ ಹುಟ್ಟುಗುಣ. ಇದನ್ನು ಹಟವೆಂದು ತಿಳಿದು ಹೊಡೆಯುವುದರಿಂದ ಪ್ರಯೋಜನವಿಲ್ಲ, ಅಪಾಯವೇ ಹೆಚ್ಚು.

ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಾಯಿಮರಿಗಳ ಮೇಲೆ ಅಭ್ಯಾಸ ನಡೆಸಿ 1965ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಮೂರರಿಂದ ಸುಮಾರು ಹನ್ನೆರಡು ವಾರದ ನಡುವೆ ಮರಿ ಯಾರೊಡನೆ ಬೆಳೆಯುತ್ತದೆಯೋ ಅವರನ್ನೇ ತನ್ನವರೆಂದು ಹಿಡಿದುಕೊಳ್ಳುತ್ತದೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಕುರಿ ಕಾಯುವ ನಾಯಿಯನ್ನು ಮರಿಯಾಗಿದ್ದಾಗಲೇ ಕುರಿಗಳ ಜೊತೆ ಬಿಡುವ ರೂಢಿಗೆ ಇದೇ ಆಧಾರ. ಮನೆ ಕಾಯಬೇಕಾದ ನಾಯಿ ಈ ವಾರಗಳಲ್ಲಿ ಮನೆಯವರ ಹತ್ತಿರವಿರಬೇಕು. ಆದುದರಿಂದ ದೂರದಲ್ಲಿ ಒಂಟಿಯಾಗಿ ಕಟ್ಟಿದರೆ ಕಾವಲಿಗೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಹಾಗೆ ಬೆಳೆದ ನಾಯಿ ಪುಕ್ಕಲಾಗುವುದೇ ಹೆಚ್ಚು, ಮತ್ತು ಪುಕ್ಕಲು ನಾಯಿ ಮನೆಯವರನ್ನೇ ಕಚ್ಚುತ್ತದೆ.

ಹೊರಗೆ ಮಲಗಿಸುವುದಕ್ಕೂ ಲಸಿಕೆಗೂ ಇರುವ ಸಂಬಂಧ

ಹುಚ್ಚುನಾಯಿ ರೋಗದ (ರೇಬೀಸ್) ಮೊದಲ ಲಸಿಕೆಯನ್ನು ಮರಿಗೆ ಸಾಮಾನ್ಯವಾಗಿ ಮೂರು ತಿಂಗಳು ತುಂಬಿದಾಗ ಹಾಕುತ್ತಾರೆ. ಅದು ಸರಿಯಾಗಿ ಮೈಗೂಡಲು ಸುಮಾರು ಒಂದು ತಿಂಗಳು ಬೇಕು. ಮೂರು, ನಾಲ್ಕು ವಾರದ ನಂತರ ಇನ್ನೊಂದು ಸಲ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಮುಂದುವರಿಸಬೇಕು. ಎಂದರೆ ಎರಡು ತಿಂಗಳಿಗೆ ಮನೆಗೆ ಬಂದ ಮರಿ ನಾಲ್ಕು ತಿಂಗಳಾಗುವವರೆಗೂ ಈ ರೋಗಕ್ಕೆ ಬರಿಮೈಯಲ್ಲೇ ಇರುತ್ತದೆ.

ಈ ಎರಡು ತಿಂಗಳ ರಾತ್ರಿಗಳಲ್ಲಿ ಮರಿ ಅಂಗಳದಲ್ಲೋ ತೆರೆದ ಕೊಟ್ಟಿಗೆಯಲ್ಲೋ ಮಲಗಿದ್ದರೆ ಬೀದಿನಾಯಿ ಬಂದು ಮೂಸುತ್ತದೆ, ಕೆಲವೊಮ್ಮೆ ಕಚ್ಚುತ್ತದೆ. ಸಣ್ಣ ಗಾಯ ಕೂದಲಿನ ಮರೆಯಲ್ಲಿ ಕಾಣುವುದಿಲ್ಲ. ರೋಗ ಹೊರಬೀಳಲು ಕೆಲವು ವಾರಗಳಿಂದ ಹಲವು ತಿಂಗಳು ಹಿಡಿಯಬಹುದು, ಅಷ್ಟರಲ್ಲಿ ಆ ರಾತ್ರಿಯ ವಿಷಯವೇ ಮರೆತುಹೋಗಿರುತ್ತದೆ. ರೋಗದ ಚಿಹ್ನೆ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವಿಷಾಣು ಇರುತ್ತದೆ. ಆಗ ಮರಿ ಮಕ್ಕಳ ಕೈ ಕಡಿಯುತ್ತಾ ಆಡುತ್ತಿರುತ್ತದೆ. ಹಾಲುಹಲ್ಲು ತರಚಿದ್ದನ್ನು ಯಾವ ತಾಯಿಯೂ ನಾಯಿಕಡಿತವೆಂದು ಎಣಿಸುವುದಿಲ್ಲ. ಮನುಷ್ಯನಲ್ಲಿ ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದುದರಿಂದ ಮರಿ ಹೊರಗೆ ಮಲಗಲು ಯಾವಾಗ ಸಿದ್ಧ ಎಂಬುದನ್ನು ಲಸಿಕೆಯ ಚೀಟಿ ನೋಡಿ ತೀರ್ಮಾನಿಸಬೇಕು. ಅಲ್ಲಿಯವರೆಗೆ ರಾತ್ರಿ ಮುಚ್ಚಿದ ಬಾಗಿಲಿನ ಒಳಗೇ ಇರತಕ್ಕದ್ದು.

ಮರಿಯಿಂದಾಗಲಿ ಬೀದಿನಾಯಿಯಿಂದಾಗಲಿ ಯಾರಿಗಾದರೂ ಕಡಿತ, ತರಚು ಆದಲ್ಲಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಮೆತ್ತಬಾರದು. ರಕ್ತಭೇದಿ ಮಾಡಿಸುವ ಪಾರ್ವೊ ಮುಂತಾದ ರೋಗಗಳ ಲಸಿಕೆ ಇದಕ್ಕೂ ಮೊದಲು, ಆರರಿಂದ ಎಂಟು ವಾರಕ್ಕೆ, ಶುರುವಾಗುತ್ತದೆ.

ಕೊಟ್ಟಿಗೆ ಮತ್ತು ಉಗ್ರಾಣ

ಕೊಟ್ಟಿಗೆ ಬೆಚ್ಚಗಿರುತ್ತದೆ, ನಿಜ. ಆದರೆ ಅಲ್ಲಿ ರಾತ್ರಿಯಿಡೀ ಗಂಜಲದ ತೇವವಿರುತ್ತದೆ, ಹಸು ಮಗ್ಗುಲು ಬದಲಿಸಿದರೆ ಮರಿ ಅಡಿಗೆ ಸಿಕ್ಕಿತು. ಉಣ್ಣೆಯ ವಿಷಯದಲ್ಲಿ ಒಂದು ಮಾತು ತಿಳಿದಿರಬೇಕು. ನಾಯಿಯನ್ನು ಕಾಡುವ ಕಂದು ಉಣ್ಣೆ ಹಸುವಿನ ಉಣ್ಣೆಗಿಂತ ಬೇರೆ ಜಾತಿ; ಅದು ಗೋಡೆಯ ಬಿರುಕಿನಲ್ಲಿ, ನೆಲದ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಕೊಟ್ಟಿಗೆಯಂಥ ಒರಟು ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಇದು ಹರಡುವ ರಕ್ತದ ಜ್ವರಗಳಿಂದ ಮರಿ ಬೇಗ ಸೊರಗುತ್ತದೆ. ಹಸುವಿಗೆಂದು ತಂದ ಉಣ್ಣೆ ಔಷಧವನ್ನು ಅಂದಾಜಿನಲ್ಲಿ ಮರಿಗೂ ಬಳಿಯುವುದು ಬಹಳ ಅಪಾಯಕರ. ಪಶುವೈದ್ಯರು ಮರಿಯ ತೂಕ ನೋಡಿ ಹೇಳಿದ್ದನ್ನೇ ಬಳಸಬೇಕು.

ಸಾರಕ್ಕಿಯ ಆ ಮನೆಯಲ್ಲಿ ಕೊಟ್ಟಿಗೆಗೆ ಒತ್ತಿಕೊಂಡು ಒಂದು ಸಣ್ಣ ಉಗ್ರಾಣವಿತ್ತು. "ಹಾಗಾದರೆ ಇಲ್ಲಿ ಕೂಡಿಹಾಕೋಣವೇ?" ಎಂದು ಬಾಗಿಲು ತೆರೆದು ತೋರಿಸಿದರು. ಇಲಿ ಪಾಷಾಣದ ಪೊಟ್ಟಣ, ಅರ್ಧ ಉಳಿದ ಕೀಟನಾಶಕದ ಡಬ್ಬಿ, ಮೂಲೆಯಲ್ಲಿ ಹರಳು ಹಿಂಡಿಯ ಚೀಲ. ನಾಯಿಗೆ ಇದಕ್ಕಿಂತ ಕೆಟ್ಟ ಕೋಣೆ ಇರಲಾರದು. ಹರಳು ಹಿಂಡಿ ಗೊಬ್ಬರಕ್ಕೆ ಒಳ್ಳೆಯದು, ಆದರೆ ನಾಯಿ ತಿಂದರೆ ವಿಷ. ಎಲುಬಿನ ಪುಡಿಯ ಜೊತೆ ಬೆರೆಸಿಟ್ಟಿದ್ದರೆ ಅದರ ವಾಸನೆಗೆ ನಾಯಿಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ಬೀಜೋಪಚಾರ ಮಾಡಿದ ಬೀಜ ತುಂಬಿದ್ದ ಚೀಲ, ಗೊಬ್ಬರದ ಚೀಲ ಇವನ್ನು ಮರಿಗೆ ಹಾಸಲೂಬಾರದು. ಮರಿ ಮಲಗುವುದರ ಜೊತೆಗೆ ಹಾಸಿಗೆಯನ್ನು ಅಗಿಯುತ್ತದೆ.

ಮೊದಲ ವಾರ

ಹಾಗಾದರೆ ಎಲ್ಲಿ? ಮನೆಯವರಲ್ಲಿ ಒಬ್ಬರು ಮಲಗುವ ಜಾಗದ ಪಕ್ಕದಲ್ಲಿ, ಆದರೆ ಹಾಸಿಗೆಯಿಂದ ಕೆಳಗೆ. ಒಂದು ಮಂಕರಿ ಅಥವಾ ಮರದ ಪೆಟ್ಟಿಗೆ ಸಾಕು. ಮರಿ ಎದ್ದು ತಿರುಗಿ ಮಲಗುವಷ್ಟು ಅಗಲವಿರಲಿ; ತೀರ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಗಲೀಜು ಮಾಡುತ್ತದೆ. ಅಡಿಗೆ ಹಲಗೆ, ಅದರ ಮೇಲೆ ಒಗೆದ ಗೋಣಿಚೀಲ, ಮೇಲೊಂದು ಹಳೆಯ ಕಂಬಳಿಯ ತುಂಡು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 15, 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೂ ಉಂಟು. ಈ ಚಳಿ ದೊಡ್ಡ ನಾಯಿಗೆ ಏನೂ ಅಲ್ಲ, ಗಾರೆ ನೆಲದ ಮೇಲೆ ಬರಿಮೈಯಲ್ಲಿ ಮಲಗಿದ ಎರಡು ತಿಂಗಳ ಮರಿಗೆ ಹೆಚ್ಚು. ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ ಇರುವ ಮುಧೋಳ ಜಾತಿಯ ಮರಿಗಳಿಗಂತೂ ಹಾಸಿಗೆ ಬೇಕೇ ಬೇಕು.

ಮರಿಯನ್ನು ತರುವ ಎರಡು ದಿನ ಮೊದಲೇ ಒಂದು ಬಟ್ಟೆಯನ್ನು ತಾಯಿನಾಯಿಯ ಹತ್ತಿರ ಹಾಕಿಸಿ, ಅದನ್ನು ಮರಿಯ ಜೊತೆಯಲ್ಲೇ ತಂದರೆ ಉತ್ತಮ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಟಿಕ್ ಟಿಕ್ ಎನ್ನುವ ಗಡಿಯಾರ ಇಟ್ಟರೆ ಮರಿ ತಾಯಿಯ ಎದೆಬಡಿತವೆಂದು ತಿಳಿದು ಮಲಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಕಂಡಂತೆ ಗಡಿಯಾರಕ್ಕಿಂತ ಮನುಷ್ಯನ ಕೈ ಮೇಲು. ಕೆಂಡದ ಬಾಣಲೆ, ತಗ್ಗಿನಲ್ಲಿ ತೂಗುಹಾಕಿದ ಬಲ್ಬು ಬೇಡ. ರಾತ್ರಿ ಕೊರಳಿನ ಪಟ್ಟಿ, ಹಗ್ಗ ಬಿಚ್ಚಿಡಬೇಕು. ಪೆಟ್ಟಿಗೆ ಹಾರಲು ಹೋಗಿ ಹಗ್ಗಕ್ಕೆ ನೇತುಬಿದ್ದು ಸತ್ತ ಮರಿಗಳುಂಟು.

ರಾತ್ರಿಯ ಊಟವನ್ನು ಏಳು ಗಂಟೆಯೊಳಗೆ ಮುಗಿಸಿ, ಮಲಗುವ ಮುಂಚೆ ಒಂದು ಸಲ ಹೊರಗೆ ಕರೆದುಕೊಂಡು ಹೋಗಬೇಕು. ಈ ವಯಸ್ಸಿನ ಮರಿ ಸುಮಾರು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಚೆನ್ನಾಗಿ ನಿದ್ದೆ ಮಾಡಿದ ಮರಿ ಎದ್ದು ಪೆಟ್ಟಿಗೆಯೊಳಗೆ ಸುತ್ತತೊಡಗಿದರೆ ಅದು ಹೊರಗೆ ಹೋಗಬೇಕೆಂಬ ಸೂಚನೆ. ದೀಪ ಹೆಚ್ಚು ಹಾಕದೆ, ಆಟವಾಡಿಸದೆ, ಪ್ರತಿದಿನ ಒಂದೇ ಜಾಗಕ್ಕೆ ಒಯ್ದು, ಮುಗಿದ ಕೂಡಲೆ ಮರಳಿ ಮಲಗಿಸಬೇಕು. ಮಲಗಿಸಿದ ಕೂಡಲೆ ಕುಂಯ್‌ಗುಟ್ಟಿದರೆ ಎತ್ತಿಕೊಳ್ಳುವ ಅಗತ್ಯವಿಲ್ಲ, ಪೆಟ್ಟಿಗೆಯೊಳಗೆ ಕೈ ಇಟ್ಟರೆ ಸಾಕು. ಒಂದು ವಾರ ನಿದ್ದೆಗೆಡಲು ಮನೆಯವರು ಸಿದ್ಧವಿರಬೇಕು. ಹೊಸ ಕರು ಹಾಕಿದ ಮನೆಯಲ್ಲಿ ಇದು ಹೊಸದೇನಲ್ಲ.

ಹಾಸಿಗೆಯ ಮೇಲೆ ಮಕ್ಕಳ ಜೊತೆ ಮಾತ್ರ ಮಲಗಿಸಬಾರದು. ಮರಿಗಳ ಹೊಟ್ಟೆಯಲ್ಲಿ ತಾಯಿಯಿಂದಲೇ ಬಂದ ಜಂತುಹುಳು ಇರುತ್ತವೆ, ಇವು ಮಕ್ಕಳಿಗೂ ತೊಂದರೆ ಕೊಡುತ್ತವೆ. ಎರಡು ವಾರದ ವಯಸ್ಸಿನಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧಿ ಕೊಡಿಸಬೇಕು. ಈ ಹುಳುಗಳ ಮೊಟ್ಟೆ ಸೋಂಕು ಹತ್ತಿಸುವಷ್ಟು ಬಲಿಯಲು ಎರಡು ವಾರವಾದರೂ ಬೇಕು. ಹೀಗಾಗಿ ಮರಿಯ ಹೇಲನ್ನು ಅಂದಂದೇ ತೆಗೆದು ಹೂಳುವುದು ಔಷಧಿಯಷ್ಟೇ ಮುಖ್ಯ.

ತೋಟದ ಪ್ರಶ್ನೆ

ಇನ್ನು ಮಗನ ತೋಟ. ಕಗ್ಗಲೀಪುರದ ಸುತ್ತಮುತ್ತ ಬನ್ನೇರುಘಟ್ಟದ ಕಾಡು ದೂರವಿಲ್ಲ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅವು ಕಾಡಿನೊಳಗೇ ಇರುತ್ತವೆಂದು ತಿಳಿಯಬಾರದು. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟಿನ ಹತ್ತಿರ ವಸತಿ ಕಟ್ಟಡದೊಳಗೇ ಒಂದು ಚಿರತೆ ಕಾಣಿಸಿಕೊಂಡಿತು. ನವೆಂಬರ್ 1ರಂದು ಹಿಡಿಯುವ ಪ್ರಯತ್ನದಲ್ಲಿ ಸತ್ತಿತು. ಊರಂಚಿನ ಚಿರತೆಗೆ ನಾಯಿ ಸುಲಭವಾಗಿ ಸಿಗುವ ಆಹಾರ. ಸರಪಳಿಯಲ್ಲಿರುವ ನಾಯಿಗೆ ಓಡುವ ಅವಕಾಶವೂ ಇಲ್ಲ. ಬಾಗಿಲಲ್ಲಿ ನಾಯಿ ಕಟ್ಟಿದರೆ ಕಾವಲು ಸಿಗುವ ಬದಲು ಚಿರತೆ ಬಾಗಿಲವರೆಗೆ ಬರುವ ದಾರಿಯಾಗುತ್ತದೆ, ಆ ಬಾಗಿಲಲ್ಲಿ ಮಕ್ಕಳೂ ಓಡಾಡುತ್ತಾರೆ.

ತೋಟಕ್ಕೆ ನಾಯಿ ಬೇಕೇ ಬೇಕೆನ್ನುವವರು ಆರೇಳು ತಿಂಗಳು ತುಂಬಿದ ಮೇಲೆ, ಅಲ್ಲಿ ರಾತ್ರಿ ಮನುಷ್ಯರು ಮಲಗುವುದಿದ್ದರೆ ಮಾತ್ರ, ಒಯ್ಯಬೇಕು. ಮಲಗಲು ಭದ್ರವಾದ ಗೂಡು ಕಟ್ಟಿಸಬೇಕು. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರ ಸಾಕಾಗುತ್ತದೆ. ನೆಲವನ್ನು ಒಂದು ಅಡಿ ಎತ್ತರಿಸಿ, ಮುಂಗಾರಿನ ಎರಚಲು ತಾಗದಂತೆ ಬಾಗಿಲನ್ನು ಪೂರ್ವಕ್ಕೆ ಇಡಬೇಕು. ಗೋಡೆ ಇಟ್ಟಿಗೆಯದಾದರೂ ಬಾಗಿಲಿಗೆ ದಪ್ಪ ಕಬ್ಬಿಣದ ಜಾಲರಿ, ಹೊರಗಿನಿಂದ ಚಿಲಕ, ಮತ್ತು ಮೇಲ್ಛಾವಣಿ ಭದ್ರವಾಗಿರಬೇಕು. ಬರಿಯ ತಗಡಿನ ಹೊದಿಕೆಯನ್ನು ಚಿರತೆ ಮೇಲಿನಿಂದ ಸರಿಸಬಲ್ಲದು. ಕತ್ತಲಾಗುವ ಮೊದಲೇ ನಾಯಿಯನ್ನು ಒಳಗೆ ಬಿಟ್ಟು ಚಿಲಕ ಹಾಕಬೇಕು. ಗೂಡಿನೊಳಗಿದ್ದರೆ ಹೇಗೆ ಕಾಯುತ್ತದೆ ಎಂದು ಕೇಳುವವರಿದ್ದಾರೆ. ನಾಯಿ ಕಾಯುವುದು ಕಿವಿ ಮೂಗಿನಿಂದ. ಬೊಗಳಿ ಎಬ್ಬಿಸಿದರೆ ಅದರ ಕೆಲಸ ಆಯಿತು.

ಸಾರಕ್ಕಿಯ ಮನೆಯಲ್ಲಿ ಕೊನೆಗೆ ಪಡಸಾಲೆ ಗೊತ್ತಾಯಿತು. ಅದು ದೇವರ ಮನೆಯಿಂದ ದೂರ, ಯಜಮಾನರು ಮಲಗುವುದೂ ಅಲ್ಲೇ. ಅಜ್ಜಿ ಒಂದು ಷರತ್ತು ಹಾಕಿದರು: ನಡುಮನೆಯ ಹೊಸ್ತಿಲಿಗೆ ಅಡ್ಡಲಾಗಿ ಹಲಗೆ ಇಡಬೇಕು. ಇದು ಒಳ್ಳೆಯ ಷರತ್ತೇ; ಎಲ್ಲಿಯವರೆಗೆ ಬರಬಹುದು ಎಂಬುದನ್ನು ಮರಿ ಮೊದಲಿನಿಂದಲೇ ಕಲಿತರೆ ಮುಂದೆ ಬೈಯುವ ಕೆಲಸವಿಲ್ಲ. ಮೊಮ್ಮಗಳಿಗೆ ಸಂಜೆಯ ಊಟ ಹಾಕುವ, ಕಂಬಳಿ ಒಣಗಿಸುವ ಕೆಲಸ ವಹಿಸಿದೆವು. ಕಂಬಳಿಯನ್ನು ವಾರಕ್ಕೆ ಎರಡು ಸಲ ಬಿಸಿಲಿಗೆ ಹಾಕಬೇಕು.

ಹಸುವಿನ ಕೆಚ್ಚಲು ನೋಡಲು ಹತ್ತು ದಿನ ಬಿಟ್ಟು ಮತ್ತೆ ಹೋದಾಗ ಮಂಕರಿ ಯಜಮಾನರ ಚಾಪೆಯ ಪಕ್ಕದಿಂದ ಎರಡು ಮಾರು ಸರಿದು ಬೀದಿ ಬಾಗಿಲ ಹತ್ತಿರ ಬಂದಿತ್ತು. ಒಂದೇ ದಿನ ಅಲ್ಲಿಗೆ ಹಾಕಿರಲಿಲ್ಲ, ದಿನಕ್ಕೆ ಒಂದೊಂದು ಮೊಳದಂತೆ ಸರಿಸಿದ್ದರು. ಐದನೆಯ ರಾತ್ರಿಯಿಂದ ಮರಿ ಒಂದೇ ಸಲ ಏಳುತ್ತಿದೆಯೆಂದೂ, ಪಕ್ಕದ ಮನೆಯವರು ನಾಯಿಯನ್ನು ವಾಪಸು ಕೊಟ್ಟುಬಿಟ್ಟಿರಾ ಎಂದು ಕೇಳಿದರೆಂದೂ ಯಜಮಾನರು ಹೇಳಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳು ರೇಬೀಸ್ ಲಸಿಕೆಯ ಎರಡು ದಿನಗಳಿಗೂ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಳು.