ಉಳಿತಾಯ ಮೊದಲು, ಸಾಲ ನಂತರ: ಮಹಿಳಾ ಸ್ವಸಹಾಯ ಗುಂಪುಗಳು ಮತ್ತು ಗ್ರಾಮೀಣ ಬಡತನ ನಿವಾರಣೆ

(ಸ್ವಸಹಾಯ ಗುಂಪುಗಳ ಸದಸ್ಯರು, ಒಕ್ಕೂಟಗಳ ಪದಾಧಿಕಾರಿಗಳು ಹಾಗೂ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಭ್ಯಾಸ ಲೇಖನ)

ಪಾಠದ ಉದ್ದೇಶ

ಬಡತನವೆಂದರೆ ಆದಾಯದ ಕೊರತೆ ಮಾತ್ರವಲ್ಲ. ಅಗತ್ಯ ಬಿದ್ದ ದಿನ ಕೈಯಲ್ಲಿ ಹಣವಿಲ್ಲದಿರುವುದೂ ಬಡತನವೇ. ಮಗುವಿಗೆ ಜ್ವರ ಬಂದಾಗ, ಮಳೆ ಬಿದ್ದು ಬಿತ್ತನೆಗೆ ಹದ ಬಂದಾಗ, ಶಾಲೆಗೆ ಹಣ ಕಟ್ಟಬೇಕಾದಾಗ ಬಡ ಕುಟುಂಬಕ್ಕೆ ಬೇಕಾಗುವುದು ಲಕ್ಷಾಂತರ ರೂಪಾಯಿಯಲ್ಲ, ಎರಡು ಸಾವಿರವೋ ಐದು ಸಾವಿರವೋ ಅಷ್ಟೆ. ಆ ಸಣ್ಣ ಮೊತ್ತವನ್ನು ನೂರಕ್ಕೆ ಐದು ರೂಪಾಯಿ ತಿಂಗಳ ಬಡ್ಡಿಗೆ ತರುವ ಕುಟುಂಬವು ಮುಂದಿನ ಸುಗ್ಗಿಯನ್ನು ಈಗಲೇ ಒತ್ತೆ ಇಟ್ಟಂತೆ. ಸ್ವಸಹಾಯ ಗುಂಪು ಹುಟ್ಟಿಕೊಂಡಿದ್ದು ಮೊದಲಿಗೆ ಈ ಒಂದು ಗಂಟನ್ನು ಬಿಡಿಸಲು. ಸರ್ಕಾರದ ಅನುದಾನ, ಬ್ಯಾಂಕಿನ ದೊಡ್ಡ ಸಾಲ, ಉದ್ಯಮ ಇವೆಲ್ಲವೂ ಅದರ ಮೇಲೆ ಕಟ್ಟಿದ ಅಂತಸ್ತುಗಳು. ಬುನಾದಿಗಿಂತ ಮೊದಲು ಅಂತಸ್ತು ಕಟ್ಟಲು ಹೊರಟಾಗ ಏನಾಗುತ್ತದೆ ಎಂಬುದನ್ನು ಕಳೆದ ನಾಲ್ಕು ದಶಕಗಳ ಅನುಭವ ತಿಳಿಸುತ್ತದೆ. ಆ ಅನುಭವವನ್ನು ಅರಿತು ನಮ್ಮ ನಮ್ಮ ಗುಂಪುಗಳನ್ನು ಪರಿಶೀಲಿಸಿಕೊಳ್ಳುವುದು ಈ ಪಾಠದ ಉದ್ದೇಶ.

1. ಹಿನ್ನೆಲೆ

1978-79ರಲ್ಲಿ ಆಯ್ದ ಬ್ಲಾಕ್‌ಗಳಲ್ಲಿ ಆರಂಭವಾಗಿ, 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕ್‌ಗಳಿಗೆ ವಿಸ್ತರಿಸಿದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮವು ಬಡ ಕುಟುಂಬಗಳಿಗೆ ಸಹಾಯಧನ ಮತ್ತು ಬ್ಯಾಂಕ್ ಸಾಲವನ್ನು ಕೂಡಿಸಿ ಆಸ್ತಿ ಒದಗಿಸುವ ಗುರಿ ಹೊಂದಿತ್ತು. ಎಮ್ಮೆ, ಕುರಿ, ಗಾಡಿ, ಪಂಪ್‌ಸೆಟ್ ಬಂದವು. ಆದರೆ ಫಲಾನುಭವಿ ಒಂಟಿಯಾಗಿದ್ದನು. ಎಮ್ಮೆ ಬತ್ತಿದಾಗ ಆಸರೆಯಾಗುವವರು ಇರಲಿಲ್ಲ. ಕಂತು ನಿಂತಾಗ ಕೇಳುವವರೂ ಇರಲಿಲ್ಲ. ಮಹಿಳೆಯರಿಗೆ ಇದರ ಪ್ರಯೋಜನ ಸಾಕಷ್ಟು ತಲುಪದ ಕಾರಣ 1982-83ರಲ್ಲಿ ಗ್ರಾಮೀಣ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಕಾರ್ಯಕ್ರಮವನ್ನು ಅದರ ಭಾಗವಾಗಿಯೇ ಜಾರಿಗೆ ತಂದು, ಮಹಿಳೆಯರನ್ನು ಗುಂಪುಗಳಾಗಿ ಸಂಘಟಿಸುವ ಪ್ರಯತ್ನ ನಡೆಯಿತು.

ಅದೇ ದಶಕದಲ್ಲಿ ಬೇರೊಂದು ಬಗೆಯ ಪ್ರಯೋಗಕ್ಕೆ ಕರ್ನಾಟಕವೇ ನೆಲೆಯಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಮೈರಾಡ ಸಂಸ್ಥೆಯ ಯೋಜನಾ ಪ್ರದೇಶಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಪರಸ್ಪರ ನಂಬಿಕೆಯುಳ್ಳ ಹತ್ತಿಪ್ಪತ್ತು ಜನರ ಸಣ್ಣ ಗುಂಪುಗಳು ತಾವಾಗಿಯೇ ರೂಪುಗೊಂಡು, ತಮ್ಮ ಉಳಿತಾಯವನ್ನು ತಾವೇ ಸಾಲವಾಗಿ ಕೊಟ್ಟು ಪಡೆಯತೊಡಗಿದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ನೆರವು ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ದೇಶದಲ್ಲಿ ಆರಂಭಿಸಿತು. ನೋಂದಣಿಯಾಗದ ಗುಂಪಿನ ಹೆಸರಿನಲ್ಲಿಯೂ ಉಳಿತಾಯ ಖಾತೆ ತೆರೆಯಬಹುದು, ಆಧಾರವಿಲ್ಲದೆ ಗುಂಪಿಗೆ ಸಾಲ ನೀಡಬಹುದು, ಯಾವ ಸದಸ್ಯರಿಗೆ ಎಷ್ಟು ಸಾಲ ಎಂಬುದನ್ನು ಗುಂಪೇ ತೀರ್ಮಾನಿಸಬಹುದು ಎಂಬುದು ಬ್ಯಾಂಕಿಂಗ್ ಕ್ಷೇತ್ರಕ್ಕೆ ಅಂದು ಹೊಸ ವಿಚಾರವಾಗಿತ್ತು.

1999ರ ಏಪ್ರಿಲ್ 1ರಂದು ಹಳೆಯ ಕಾರ್ಯಕ್ರಮಗಳನ್ನು ಒಂದುಗೂಡಿಸಿ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿತು. 2000-01ರಲ್ಲಿ ನಮ್ಮ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಸ್ತ್ರೀಶಕ್ತಿ ಕಾರ್ಯಕ್ರಮವನ್ನು ಆರಂಭಿಸಿತು. ಅಂಗನವಾಡಿ ಕಾರ್ಯಕರ್ತೆಯರ ಶ್ರಮದಿಂದ ಅದು ಹಳ್ಳಿಹಳ್ಳಿಗೆ ತಲುಪಿತು. ಸ್ವರೋಜಗಾರ್ ಯೋಜನೆಯಲ್ಲಿ ಗುಂಪುಗಳ ಸಂಖ್ಯೆ ಬೆಳೆಯಿತು, ಆದರೆ ಅನೇಕ ಕಡೆ ಸಹಾಯಧನದ ನಿರೀಕ್ಷೆಯೇ ಗುಂಪು ಕಟ್ಟುವ ಕಾರಣವಾಯಿತು. ಸಹಾಯಧನ ಕೈಗೆ ಬಂದ ಬಳಿಕ ಸಭೆಗಳು ನಿಂತವು. ಈ ಯೋಜನೆಯ ಸಾಲ ಸಂಬಂಧಿ ವಿಷಯಗಳನ್ನು ಪ್ರೊ. ಆರ್. ರಾಧಾಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯು ಪರಿಶೀಲಿಸಿ 2009ರಲ್ಲಿ ವರದಿ ನೀಡಿತು. ತರುವಾಯ ಯೋಜನೆಯನ್ನು ಪುನಾರಚಿಸಿ, 2011ರ ಜೂನ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ಆರಂಭಿಸಲಾಯಿತು. ಕರ್ನಾಟಕದಲ್ಲಿ ಇದು ‘ಸಂಜೀವಿನಿ’ ಎಂಬ ಹೆಸರಿನಿಂದ ನಡೆಯುತ್ತಿದೆ.

ಹೊಸ ಅಭಿಯಾನದಲ್ಲಿ ಆದ ಮುಖ್ಯ ಬದಲಾವಣೆ ಒಂದೇ: ಆಸ್ತಿ ಕೊಳ್ಳಲು ಕೊಡುತ್ತಿದ್ದ ಸಹಾಯಧನ ನಿಂತಿತು. ಅದರ ಸ್ಥಾನದಲ್ಲಿ ಗುಂಪಿನೊಳಗೇ ಸುತ್ತುವ ನಿಧಿ, ಬಡ್ಡಿ ರಿಯಾಯಿತಿ ಮತ್ತು ನಿರಂತರ ತರಬೇತಿ ಬಂದವು. ಕೊಟ್ಟ ಹಣ ಒಬ್ಬರ ಮನೆಯಲ್ಲಿ ಮುಗಿದುಹೋಗದೆ ಹತ್ತು ಮನೆ ಸುತ್ತಿ ಬರಬೇಕೆಂಬುದೇ ಇದರ ಆಶಯ.

2. ಗುಂಪಿನ ಹಣ ಹೇಗೆ ದುಡಿಯುತ್ತದೆ: ಒಂದು ಲೆಕ್ಕ

ಒಂದು ಗುಂಪಿನಲ್ಲಿ 12 ಸದಸ್ಯರಿದ್ದು, ಪ್ರತಿಯೊಬ್ಬರೂ ವಾರಕ್ಕೆ 50 ರೂಪಾಯಿ ಉಳಿಸುತ್ತಾರೆ ಎಂದಿಟ್ಟುಕೊಳ್ಳೋಣ. ವಾರದ ಸಂಗ್ರಹ 600 ರೂಪಾಯಿ. 26 ವಾರಗಳಲ್ಲಿ 15,600 ರೂಪಾಯಿ. ವರ್ಷಕ್ಕೆ 31,200 ರೂಪಾಯಿ.

ಈ ನಿಧಿಯಿಂದ ಒಬ್ಬ ಸದಸ್ಯೆ 5,000 ರೂಪಾಯಿ ಸಾಲ ಪಡೆದು, ತಿಂಗಳಿಗೆ 500 ರೂಪಾಯಿಯಂತೆ 10 ಕಂತುಗಳಲ್ಲಿ ಅಸಲು ತೀರಿಸುತ್ತಾರೆ. ಬಡ್ಡಿ ನೂರಕ್ಕೆ ತಿಂಗಳಿಗೆ 1 ರೂಪಾಯಿ, ಉಳಿದ ಬಾಕಿಯ ಮೇಲೆ ಮಾತ್ರ. ಮೊದಲ ತಿಂಗಳು ಬಡ್ಡಿ 50 ರೂಪಾಯಿ, ಎರಡನೆಯ ತಿಂಗಳು 45, ಹೀಗೆ ಇಳಿಯುತ್ತಾ ಕೊನೆಯ ತಿಂಗಳು 5 ರೂಪಾಯಿ. ಒಟ್ಟು ಬಡ್ಡಿ 275 ರೂಪಾಯಿ. ಅದೇ 5,000 ರೂಪಾಯಿಯನ್ನು ನೂರಕ್ಕೆ ಐದರಂತೆ ಕೈಸಾಲ ತಂದು, ಹತ್ತು ತಿಂಗಳು ಬರೀ ಬಡ್ಡಿ ಕಟ್ಟಿದರೆ 2,500 ರೂಪಾಯಿ ಆಗುತ್ತದೆ. ಅಸಲು ಹಾಗೆಯೇ ಉಳಿದಿರುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, 2,225 ರೂಪಾಯಿ ಆ ಕುಟುಂಬದಲ್ಲಿಯೇ ಉಳಿಯಿತು. ಎರಡು, ಕಟ್ಟಿದ 275 ರೂಪಾಯಿಯೂ ಹೊರಗೆ ಹೋಗಲಿಲ್ಲ. ಅದು ಹನ್ನೆರಡು ಮಂದಿಯ ನಿಧಿಗೆ ಸೇರಿತು. ಮೊದಲ ತಿಂಗಳು ಮರಳಿ ಬಂದ 550 ರೂಪಾಯಿ ಮತ್ತೊಬ್ಬರ ಅಗತ್ಯಕ್ಕೆ ಅಂದೇ ಒದಗಿತು. ಆದ್ದರಿಂದ ಬ್ಯಾಂಕ್ ಖಾತೆಯಲ್ಲಿ ಉಳಿತಾಯವನ್ನು ಸುಮ್ಮನೆ ಕೂಡಿಟ್ಟು, ದೊಡ್ಡ ಸಾಲ ಬರಲೆಂದು ಕಾಯುವ ಗುಂಪು ತನ್ನ ಮೊದಲ ಕೆಲಸವನ್ನೇ ಮಾಡುತ್ತಿಲ್ಲ ಎಂದರ್ಥ.

3. ಪಂಚಸೂತ್ರ

ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಿಕ ಮರುಪಾವತಿ ಮತ್ತು ಸಮರ್ಪಕ ಪುಸ್ತಕ ನಿರ್ವಹಣೆ ಇವೇ ಐದು ಸೂತ್ರಗಳು. ಇವುಗಳಲ್ಲಿ ಮೊದಲ ನಾಲ್ಕನ್ನು ಸದಸ್ಯರು ಬೇಗ ರೂಢಿಸಿಕೊಳ್ಳುತ್ತಾರೆ. ಐದನೆಯದನ್ನು ಮಾತ್ರ ‘ಬರೆಯಲು ಬಲ್ಲವರ ಕೆಲಸ’ ಎಂದು ಬಿಟ್ಟುಬಿಡುವುದು ವಾಡಿಕೆ. ಗುಂಪುಗಳು ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಹಣ ಕಳೆದುಹೋಗುವ ಮೊದಲೇ ಅನುಮಾನ ಹುಟ್ಟುತ್ತದೆ. ಅನುಮಾನಕ್ಕೆ ಉತ್ತರ ನೀಡಲು ಪುಸ್ತಕವಿಲ್ಲದಿದ್ದರೆ ಸಭೆಗೆ ಬರುವವರು ಕಡಿಮೆಯಾಗುತ್ತಾರೆ.

ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಲೆಡ್ಜರ್, ಸದಸ್ಯರ ಪಾಸ್ ಪುಸ್ತಕ ಇವು ಸಭೆಯಲ್ಲಿಯೇ, ಎಲ್ಲರ ಎದುರಿನಲ್ಲಿಯೇ ಭರ್ತಿಯಾಗಬೇಕು. ಸಭೆ ಮುಗಿಯುವ ಮುನ್ನ ಅಂದಿನ ಜಮೆ, ಖರ್ಚು ಮತ್ತು ಶಿಲ್ಕನ್ನು ಗಟ್ಟಿಯಾಗಿ ಓದಬೇಕು. ಓದುಬರಹ ಬಾರದ ಸದಸ್ಯೆಯೂ ತನ್ನ ಉಳಿತಾಯವೆಷ್ಟು, ಸಾಲದ ಬಾಕಿಯೆಷ್ಟು ಎಂಬುದನ್ನು ಬಾಯಲ್ಲಿ ಹೇಳುವಂತಿರಬೇಕು. ಸಂಗ್ರಹವಾದ ನಗದು ಪದಾಧಿಕಾರಿಗಳ ಮನೆಯಲ್ಲಿ ಉಳಿಯಬಾರದು. ಸಭೆಯಲ್ಲಿಯೇ ಸಾಲವಾಗಿ ಹೋಗಬೇಕು, ಇಲ್ಲವೇ ಬ್ಯಾಂಕಿಗೆ ಜಮೆಯಾಗಬೇಕು.

4. ಬ್ಯಾಂಕ್ ಸಾಲ: ಸಮಪಾಲು ಎಂದರೆ ಸರಿಪಾಲಲ್ಲ

ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಂತೆ ಅಭಿಯಾನದ ಗುಂಪುಗಳಿಗೆ ಮೊದಲ ಹಂತದಲ್ಲಿ ಗುಂಪಿನ ನಿಧಿಯ 6 ಪಟ್ಟು ಅಥವಾ ಕನಿಷ್ಠ 1.5 ಲಕ್ಷ ರೂಪಾಯಿ, ಇವುಗಳಲ್ಲಿ ಹೆಚ್ಚಿನದನ್ನು ಸಾಲವಾಗಿ ನೀಡಬಹುದು. ಎರಡನೆಯ ಹಂತದಲ್ಲಿ 8 ಪಟ್ಟು ಅಥವಾ ಕನಿಷ್ಠ 3 ಲಕ್ಷ ರೂಪಾಯಿ. 3 ಲಕ್ಷದವರೆಗಿನ ಸಾಲಕ್ಕೆ ವಾರ್ಷಿಕ ಶೇ. 7ರ ರಿಯಾಯಿತಿ ಬಡ್ಡಿ ದರವಿದೆ. 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕುಗಳು ಆಧಾರ ಕೇಳುವಂತಿಲ್ಲ. ಗುಂಪಿನ ಉಳಿತಾಯ ಖಾತೆಯ ಹಣವನ್ನು ಸಾಲಕ್ಕೆ ಭದ್ರತೆಯೆಂದು ತಡೆಹಿಡಿಯುವಂತೆಯೂ ಇಲ್ಲ. ಈ ಎರಡು ನಿಯಮಗಳನ್ನು ಪ್ರತಿ ಒಕ್ಕೂಟವೂ ತಿಳಿದಿರಬೇಕು.

ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಆರು ತಿಂಗಳ ಉಳಿತಾಯ 15,600 ರೂಪಾಯಿ, ಆಂತರಿಕ ಸಾಲದ ಬಡ್ಡಿ 400 ರೂಪಾಯಿ, ದೊರೆತ ಸುತ್ತುನಿಧಿ 20,000 ರೂಪಾಯಿ. ಒಟ್ಟು ನಿಧಿ 36,000 ರೂಪಾಯಿ. ಸದಸ್ಯರಲ್ಲಿ ಸಾಲವಾಗಿರುವ ಹಣವೂ ಈ ನಿಧಿಯ ಭಾಗವೇ. ಅದರ 6 ಪಟ್ಟು 2,16,000 ರೂಪಾಯಿ. ಹಣ ಬಂದೊಡನೆ ತಲಾ 18,000 ರೂಪಾಯಿಯಂತೆ ಹಂಚಿಕೊಳ್ಳುವುದು ಹಲವು ಗುಂಪುಗಳ ರೂಢಿ. ಜಗಳವಿಲ್ಲದ ದಾರಿಯೆಂದು ಇದು ಕಾಣುತ್ತದೆ. ಆದರೆ ಕರೆಯುವ ಹಸು ಕೊಳ್ಳಬೇಕೆಂದಿರುವವರಿಗೆ 18,000 ಸಾಲದು. ಹೊಲಿಗೆ ಯಂತ್ರ ಬೇಕಾದವರಿಗೆ ಅಷ್ಟು ಬೇಡ. ಸಾಲವೇ ಬೇಡವಾದವರು ಅದನ್ನು ಪಡೆದು ಮನೆಖರ್ಚಿಗೆ ಬಳಸುತ್ತಾರೆ ಅಥವಾ ಬೇರೊಬ್ಬರಿಗೆ ಕೊಡುತ್ತಾರೆ. ಹೀಗೆ ಬಡತನವನ್ನು ಕಳೆಯಬೇಕಾದ ಹಣ ಯಾರ ಆದಾಯವನ್ನೂ ಹೆಚ್ಚಿಸದೆ ಎಲ್ಲರ ಮೇಲೆ ಕಂತಿನ ಭಾರವಾಗಿ ಉಳಿಯುತ್ತದೆ.

ಆದುದರಿಂದ ಸಾಲದ ಅರ್ಜಿಗಿಂತ ಮುಂಚೆ ಸೂಕ್ಷ್ಮ ಸಾಲ ಯೋಜನೆ ಸಿದ್ಧವಾಗಬೇಕು. ಪ್ರತಿ ಕುಟುಂಬದ ಆದಾಯ, ಖರ್ಚು, ಈಗಿರುವ ಸಾಲ, ಕೈಗೊಳ್ಳಲಿರುವ ಕಸುಬು ಇವನ್ನು ಸಭೆಯಲ್ಲಿ ಚರ್ಚಿಸಿ ಮೊತ್ತ ಮತ್ತು ಸರದಿಯನ್ನು ನಿರ್ಧರಿಸಬೇಕು. ಕಂತು ಕೂಡ ಕಸುಬಿಗೆ ಹೊಂದಿಕೊಳ್ಳಬೇಕು. ಡೇರಿಗೆ ಹಾಲು ಹಾಕುವವರ ಕೈಗೆ ಬಟವಾಡೆಯ ದಿನ ಹಣ ಬರುತ್ತದೆ. ಕುರಿ ಸಾಕುವವರಿಗೆ ಮರಿ ಬೆಳೆದು ಮಾರಿದಾಗ. ರಾಗಿ, ಜೋಳ, ತೊಗರಿ ಬೆಳೆಯುವವರಿಗೆ ಸುಗ್ಗಿಯ ನಂತರ. ಮೂವರಿಗೂ ಒಂದೇ ಬಗೆಯ ಕಂತು ಕಟ್ಟಿದರೆ ಒಬ್ಬರಾದರೂ ಕಂತು ಕಟ್ಟಲು ಹೊರಗಿನ ಸಾಲ ಮಾಡುತ್ತಾರೆ.

5. ಸಾಲದ ಮೇಲೆ ಸಾಲ

ಇಂದು ಒಂದೇ ಮನೆಗೆ ಸ್ವಸಹಾಯ ಗುಂಪಿನ ಸಾಲ, ಮೈಕ್ರೋಫೈನಾನ್ಸ್ ಸಾಲ, ಕೈಸಾಲ ಮೂರೂ ಇರುವುದು ಅಪರೂಪವಲ್ಲ. ಒಂದರ ಕಂತನ್ನು ಇನ್ನೊಂದರಿಂದ ಕಟ್ಟುವ ಸ್ಥಿತಿ ಬಂದಾಗ ಹೊರೆ ಬೀಳುವುದು ಸಾಲದ ಪತ್ರಕ್ಕೆ ಸಹಿ ಹಾಕಿದ ಮಹಿಳೆಯ ಮೇಲೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಿರುಸಾಲ ನೀಡುವಾಗ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಅದರ ಮಾಸಿಕ ಆದಾಯದ ಶೇ. 50 ಮೀರಬಾರದು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರವು 2025ರಲ್ಲಿ ಅಧ್ಯಾದೇಶ ಹೊರಡಿಸಿ, ಬಳಿಕ ಕಾನೂನನ್ನೂ ರೂಪಿಸಿದೆ. ಆದರೆ ಕಾನೂನು ಮನೆಬಾಗಿಲಿಗೆ ಬರುವ ಮೊದಲೇ ಎಚ್ಚರಿಸಬಲ್ಲವರು ಗುಂಪಿನ ಜೊತೆಗಾತಿಯರು. ಹೊರಗಿನ ಸಾಲವನ್ನು ಸಭೆಯಲ್ಲಿ ನಾಚಿಕೆಯಿಲ್ಲದೆ ಹೇಳಿಕೊಳ್ಳುವ ವಾತಾವರಣವಿದ್ದರೆ ಮಾತ್ರ ಇದು ಸಾಧ್ಯ. ಹೇಳಿಕೊಂಡವರನ್ನು ಹಂಗಿಸುವ ಗುಂಪಿನಲ್ಲಿ ಮುಂದಿನ ಬಾರಿ ಯಾರೂ ಬಾಯಿಬಿಡುವುದಿಲ್ಲ.

6. ಗುಂಪಿನ ಹೊರಗೆ ಉಳಿದವರು

ಗುಂಪುಗಳ ಸಂಖ್ಯೆ ಎಷ್ಟೇ ಹೆಚ್ಚಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಗ್ರಾಮದ ಅತಿ ಬಡ ಮಹಿಳೆ ಯಾವ ಗುಂಪಿನಲ್ಲಿದ್ದಾಳೆ? ಸದಸ್ಯರು ತಮಗೆ ಸರಿಹೊಂದುವವರನ್ನು ತಾವೇ ಆರಿಸಿಕೊಳ್ಳುವುದು ಸ್ವಸಹಾಯ ಗುಂಪಿನ ಶಕ್ತಿ. ಅದೇ ಅದರ ದೌರ್ಬಲ್ಯವೂ ಹೌದು. ‘ಅವಳು ಕಂತು ಕಟ್ಟಲಾರಳು’ ಎಂಬ ಮಾತಿನಿಂದ ಹೊರಗುಳಿಯುವವರು ಭೂಹೀನ ಕೂಲಿಕಾರರು, ಗುಳೆ ಹೋಗುವವರು, ಒಂಟಿ ಮಹಿಳೆಯರು, ಅಂಗವಿಕಲರು, ವೃದ್ಧೆಯರು. ಬಡತನ ನಿವಾರಣೆಯ ಕಾರ್ಯಕ್ರಮವು ನಿಜವಾಗಿ ತಲುಪಬೇಕಾದವರು ಇವರೇ.

ಇದಕ್ಕೆ ಅಭಿಯಾನದಲ್ಲಿಯೇ ದಾರಿಗಳಿವೆ. ಸಾಮಾನ್ಯವಾಗಿ 10ರಿಂದ 20 ಸದಸ್ಯರ ಗುಂಪು ಇರಬೇಕಾದರೂ ಅಂಗವಿಕಲರು, ಹಿರಿಯರು ಮುಂತಾದವರ ವಿಶೇಷ ಗುಂಪುಗಳನ್ನು ಕನಿಷ್ಠ 5 ಸದಸ್ಯರಿಂದ ಆರಂಭಿಸಬಹುದು. ಗುಳೆ ಹೋಗುವ ಸದಸ್ಯೆಗೆ ಆ ತಿಂಗಳುಗಳ ಉಳಿತಾಯವನ್ನು ಮರಳಿ ಬಂದ ಮೇಲೆ ಕಟ್ಟಲು ಗುಂಪೇ ನಿಯಮ ಮಾಡಿಕೊಳ್ಳಬಹುದು. ಎಲ್ಲರಿಗೂ ನಿಲುಕುವ ಉಳಿತಾಯದ ಮೊತ್ತವನ್ನು ಅತ್ಯಂತ ಕಡಿಮೆ ಆದಾಯದ ಸದಸ್ಯೆಯನ್ನು ಕೇಳಿ ನಿರ್ಧರಿಸುವುದು ನ್ಯಾಯ.

7. ಗ್ರಾಮ ಪಂಚಾಯತಿಯ ಹೊಣೆ

ಗುಂಪಿನ ಉಳಿತಾಯದಿಂದ ಕುಡಿಯುವ ನೀರು ಬರುವುದಿಲ್ಲ, ರಸ್ತೆಯಾಗುವುದಿಲ್ಲ, ವಿಧವಾ ವೇತನ ಮಂಜೂರಾಗುವುದಿಲ್ಲ. ಅಲ್ಲಿ ಪಂಚಾಯತಿಯೇ ಬೇಕು. ಗುಂಪುಗಳು ಒಕ್ಕೂಟದ ಮೂಲಕ ಸಿದ್ಧಪಡಿಸುವ ಗ್ರಾಮ ಬಡತನ ನಿವಾರಣಾ ಯೋಜನೆಯಲ್ಲಿ ಯಾರಿಗೆ ಪಿಂಚಣಿ, ಪಡಿತರ ಚೀಟಿ, ಮನೆ ದೊರೆತಿಲ್ಲ. ಯಾವ ಕಸುಬಿಗೆ ನೆರವು ಬೇಕು. ಊರಿಗೆ ಯಾವ ಸೌಕರ್ಯ ಬೇಕು ಎಂಬುದು ಮನೆಮನೆಯ ವಿವರದೊಡನೆ ಇರುತ್ತದೆ. ಇದನ್ನು ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಮಂಡಿಸಿ, ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಅಳವಡಿಸಬೇಕು. ಮನವಿ ಸ್ವೀಕರಿಸಿ ಕಡತಕ್ಕೆ ಸೇರಿಸಿದರೆ ಸಾಲದು. ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಕೈಬಿಡಲಾಯಿತು ಎಂಬುದನ್ನು ಮುಂದಿನ ಸಭೆಯಲ್ಲಿ ತಿಳಿಸಬೇಕು. ರಾಜ್ಯದ ಅನೇಕ ಗ್ರಾಮ ಪಂಚಾಯತಿಗಳು ಒಣಕಸ ವಿಲೇವಾರಿಯ ಹೊಣೆಯನ್ನು ಒಪ್ಪಂದದ ಮೂಲಕ ಸಂಜೀವಿನಿ ಒಕ್ಕೂಟಗಳಿಗೆ ವಹಿಸಿವೆ. ಸ್ವಚ್ಛ ವಾಹಿನಿಯನ್ನು ಮಹಿಳೆಯರೇ ಚಲಾಯಿಸುತ್ತಿದ್ದಾರೆ. ಇಂತಹ ಕೆಲಸಗಳಿಗೆ ಸಂಭಾವನೆ ಸಕಾಲಕ್ಕೆ ಪಾವತಿಯಾದರೆ ಮಾತ್ರ ಅದು ಜೀವನೋಪಾಯ. ಇಲ್ಲವಾದರೆ ಅದೂ ಒಂದು ಬಿಟ್ಟಿ ಚಾಕರಿ.

8. ಮುಂದಿನ ಸಭೆಯಲ್ಲಿ ಚರ್ಚೆಗೆ

1. ಕಳೆದ ಮೂರು ತಿಂಗಳಲ್ಲಿ ನಮ್ಮ ಉಳಿತಾಯದ ಎಷ್ಟು ಭಾಗ ಆಂತರಿಕ ಸಾಲವಾಗಿ ಸುತ್ತಿದೆ? ಎಷ್ಟು ಖಾತೆಯಲ್ಲಿಯೇ ಉಳಿದಿದೆ?
2. ಪ್ರತಿ ಸದಸ್ಯೆಯ ಪಾಸ್ ಪುಸ್ತಕ ಮತ್ತು ಲೆಡ್ಜರ್ ತಾಳೆಯಾಗುತ್ತವೆಯೇ?
3. ಹಿಂದಿನ ಬ್ಯಾಂಕ್ ಸಾಲವನ್ನು ಸಮನಾಗಿ ಹಂಚಿದ್ದೆವೋ, ಅಗತ್ಯ ನೋಡಿ ಹಂಚಿದ್ದೆವೋ? ಅದರಿಂದ ಯಾರ ಆದಾಯ ಹೆಚ್ಚಿತು?
4. ತುರ್ತು ಅಗತ್ಯಕ್ಕೆ ನಮ್ಮ ಸದಸ್ಯರು ಈಗಲೂ ಕೈಸಾಲ ತರುತ್ತಿದ್ದರೆ, ಗುಂಪು ಅವರಿಗೆ ಏಕೆ ಒದಗಲಿಲ್ಲ?
5. ನಮ್ಮ ಬೀದಿಯಲ್ಲಿ ಯಾವ ಗುಂಪಿಗೂ ಸೇರದ ಮನೆಗಳು ಯಾವುವು? ಅವರನ್ನು ಭೇಟಿ ಮಾಡುವ ಇಬ್ಬರು ಸದಸ್ಯರು ಯಾರು?

ಐದನೆಯ ಪ್ರಶ್ನೆಗೆ ಬಂದ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ ಒಕ್ಕೂಟದ ಸಭೆಗೆ ಕೊಂಡೊಯ್ಯುವುದು. ಆ ಮನೆಗಳ ಪಟ್ಟಿಯಿಂದಲೇ ಮುಂದಿನ ವರ್ಷದ ಗ್ರಾಮ ಬಡತನ ನಿವಾರಣಾ ಯೋಜನೆಯ ಮೊದಲ ಪುಟ ಆರಂಭವಾಗಲಿ.