ಹಳೆಯ ಲೇತಿನ ವೇಗದ ಲೆಕ್ಕ

ಪ್ರಶ್ನೆ: ವೇಗದ ಪಟ್ಟಿ ಅಳಿಸಿಹೋದ ಹಳೆಯ ಮರದ ಲೇತಿನ ವೇಗವನ್ನು ತಿಳಿಯುವುದು ಹೇಗೆ?
— ಓದುಗರು, ಶಿಕಾರಿಪುರ

ಉತ್ತರ: ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಸೊರಬದಲ್ಲಾಗಲಿ, ನೆರೆಯ ಶಿಕಾರಿಪುರದಲ್ಲಾಗಲಿ, ಮರ ಕಡೆಯುವ ಎಲ್ಲರಿಗೂ ಈ ಲೆಕ್ಕ ತಿಳಿದಿರಬೇಕು. ಸ್ಪಿಂಡಲ್, ಅಂದರೆ ಮರವನ್ನು ಹಿಡಿದು ತಿರುಗಿಸುವ ದಂಡ, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು, ಮೋಟಾರಿನ ಫಲಕದಲ್ಲಿರುವ ಸುತ್ತುಗಳ ಸಂಖ್ಯೆಯನ್ನು ಮೋಟಾರಿನ ಪುಲ್ಲಿಯ ವ್ಯಾಸದಿಂದ ಗುಣಿಸಿ ಸ್ಪಿಂಡಲ್ ಪುಲ್ಲಿಯ ವ್ಯಾಸದಿಂದ ಭಾಗಿಸಿದಾಗ ದೊರೆಯುತ್ತದೆ. 1440 ಸುತ್ತಿನ ಮೋಟಾರಿಗೆ 3 ಇಂಚಿನ ಪುಲ್ಲಿಯೂ ಸ್ಪಿಂಡಲಿಗೆ 6 ಇಂಚಿನದೂ ಇದ್ದರೆ ವೇಗ 720 ಆಗುತ್ತದೆ. ಮೆಟ್ಟಿಲು ಮೆಟ್ಟಿಲಾದ ಪುಲ್ಲಿಗಳಲ್ಲಿ ಎರಡೂ ವ್ಯಾಸ ಸಮವಾಗಿರುವ ಮೆಟ್ಟಿಲಿಗೆ ಬೆಲ್ಟನ್ನು ಸರಿಸಿದರೆ 1440 ಆಗುತ್ತದೆ. ಅಳತೆಯನ್ನು ಪುಲ್ಲಿಯ ಹೊರ ಅಂಚಿನಲ್ಲಲ್ಲ, ಬೆಲ್ಟು ಕೂರುವ ಮಟ್ಟದಲ್ಲಿ ತೆಗೆದುಕೊಳ್ಳಬೇಕು.

ಮರದ ತುಂಡು ದೊಡ್ಡದಾದಷ್ಟೂ ಅದರ ಅಂಚು ಉಳಿಯ ಮುಂದೆ ಹೆಚ್ಚು ವೇಗವಾಗಿ ಹಾಯುವುದರಿಂದ, ಇಂಚುಗಳಲ್ಲಿನ ವ್ಯಾಸವನ್ನು ಸುತ್ತುಗಳಿಂದ ಗುಣಿಸಿದಾಗ ಬರುವ ಸಂಖ್ಯೆ 6000ದಿಂದ 9000ದೊಳಗಿರಬೇಕೆಂಬುದು ಕಡೆತದ ರೂಢಿ. ಅದರಂತೆ 10 ಇಂಚಿನ ಬಟ್ಟಲಿಗೆ 600ರಿಂದ 900 ಸುತ್ತು ಸಾಕು. ಆದರೆ ಇನ್ನೂ ದುಂಡಾಗದ ತುಂಡು ಅದುರುವುದರಿಂದಲೂ ಹಳೆಯ ಬೇರಿಂಗು ಸವೆದಿರಬಹುದಾದ್ದರಿಂದಲೂ, ಯಾವಾಗಲೂ ಅತಿ ಕಡಿಮೆ ವೇಗದಿಂದಲೇ ಕೆಲಸ ಆರಂಭಿಸಬೇಕು.